ಶ್ಯಾಣ್ಯಾ ಅದಾನ್ರೀ, ಆದ್ರ...

ಜಾಣ ಮಕ್ಕಳಲ್ಲಿ ಕಾಣುವ ಎಡಿಎಚ್‌ಡಿ ಎಂಬ ಗಮನದ ತೊಂದರೆಯ ಬಗ್ಗೆ ವಿಜಯಪುರದಲ್ಲಿ ಪಾಲಕರು ಮತ್ತು ಶಿಕ್ಷಕರ ಮುಂದೆ ಆಡಿದ ಮಾತುಗಳ ಬರಹ ರೂಪ

ಎಲ್ಲರಿಗೂ ನಮಸ್ಕಾರ.

ನಾನು 22 ವರ್ಷಗಳಿಂದ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದೇನೆ. ಪಾಲಕರ ಸಭೆಯಲ್ಲಿ ಒಂದು ಮಾತನ್ನು ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. "ನಿಮ್ಮ ಹುಡುಗ ಭಾಳ ಶ್ಯಾಣ್ಯಾ ಅದಾನ್ರೀ, ಆದ್ರ ಮನಸ್ಸು ಮಾಡೂದಿಲ್ಲ." ಹಾಗೆ ಹೇಳಿದ ಕೂಡಲೇ ಅಪ್ಪನೋ ಅವ್ವನೋ ಮಗನ ಕಡೆ ತಿರುಗಿ ನೋಡುತ್ತಿದ್ದರು. ಮನೆಗೆ ಹೋದ ಮೇಲೆ ಆ ಹುಡುಗನಿಗೆ ಏನು ಕಾದಿದೆ ಅಂತ ನನಗೂ ಗೊತ್ತಿತ್ತು. ಆದರೂ ಹೇಳುತ್ತಿದ್ದೆ.

ಆಮೇಲೆ ಒಂದು ದಿನ ಅದೇ ಮಾತನ್ನು ನನಗೆ ಬೇರೆಯವರು ಹೇಳಿದರು. ನನ್ನ ಮಗನ ಬಗ್ಗೆ.

ನಮ್ಮ ವಿಜಯಪುರ ನಿಮಗೆ ಗೊತ್ತೇ ಇದೆ. ಗಲ್ಲಿಗೊಂದು ಕೋಚಿಂಗ್ ಬೋರ್ಡು. ನವೋದಯ, ಸೈನಿಕ, ಕಿತ್ತೂರು, ಮೊರಾರ್ಜಿ, ಇಂಥ ವಸತಿ ಶಾಲೆಗಳ ಪ್ರವೇಶ ಪರೀಕ್ಷೆಗೆ. ಐದನೇ ತರಗತಿಯ ಮಕ್ಕಳು ಬೆಳಿಗ್ಗೆ ಐದಕ್ಕೆ ಎದ್ದು ಓದುವ ಊರು ಇದು. ನನ್ನ ಮಗ ಹಾಗೆ ಓದಲೇ ಇಲ್ಲ. ಮೆಂಟಲ್ ಎಬಿಲಿಟಿ ಪ್ರಶ್ನೆಪತ್ರಿಕೆ ಕೊಟ್ಟರೆ ಬೇರೆಯವರು ಅರ್ಧಕ್ಕೆ ಬರುವಷ್ಟರಲ್ಲಿ ಮುಗಿಸಿ ಕಿಟಕಿ ಹತ್ತಿ ಕೂತಿರುತ್ತಿದ್ದ. ಒಂದು ವಸತಿ ಶಾಲೆಯ ಪ್ರವೇಶ ಪರೀಕ್ಷೆಯಲ್ಲಿ ಪಾಸಾದ. ಓಣಿಗೆಲ್ಲ ಪೇಢೆ ಹಂಚಿದೆವು.

ಎಂಟನೇ ತರಗತಿಯ ನಡುವೆ ಫೋನ್ ಬಂತು. ಬಂದು ಮಾತಾಡಿ ಅಂದರು. ಹೋದರೆ, ಅವನು ತರಗತಿಯ ಹೊರಗೆ ನಿಂತಿದ್ದ. ಅವತ್ತೊಂದೇ ದಿನ ಅಲ್ಲ, ಆ ತಿಂಗಳು ಹೆಚ್ಚು ದಿನ ಹೊರಗೇ ನಿಂತಿದ್ದನಂತೆ. ಬಕೆಟ್ಟು, ಟವೆಲ್ಲು, ಪುಸ್ತಕ ಎಲ್ಲ ಕಳೆದುಕೊಂಡಿದ್ದ. ಹೋಮ್‌ವರ್ಕ್ ಇಲ್ಲ. ಗಣಿತದಲ್ಲಿ ಮಾತ್ರ ಮೇಷ್ಟ್ರ ತಪ್ಪನ್ನೇ ತೋರಿಸುತ್ತಿದ್ದ. ಟ್ರಂಕ್ ಕಟ್ಟಿಕೊಂಡು ಮನೆಗೆ ಕರೆತಂದೆವು.

ಒಂಬತ್ತನೇ ತರಗತಿಯಲ್ಲಿ ನಡೆದದ್ದನ್ನು ನಾನು ಹೇಳಲೇಬೇಕು. ವಿಜ್ಞಾನದ ರೆಕಾರ್ಡ್ ಪುಸ್ತಕ ಕೊಟ್ಟಿಲ್ಲ ಅಂತ ಅವರ ಶಾಲೆಯಿಂದ ನನಗೆ ಹೇಳಿ ಕಳಿಸಿದರು. ಸಂಜೆ ಬ್ಯಾಗು ತೆಗೆದು ಸುರಿದೆ. ಮುದ್ದೆಯಾದ ಹಾಳೆಗಳು, ಒಣಗಿದ ಚಪಾತಿ ಇದ್ದ ಡಬ್ಬಿ, ಮುಚ್ಚಳವಿಲ್ಲದ ಮೂರು ಪೆನ್ನು. ಎಲ್ಲದರ ಕೆಳಗೆ ರೆಕಾರ್ಡ್ ಪುಸ್ತಕ. ತೆರೆದು ನೋಡಿದೆ. ಪೂರ್ತಿ ಬರೆದಿತ್ತು. ಹೃದಯದ ಚಿತ್ರ, ಕಣ್ಣಿನ ಚಿತ್ರ, ಒಂದೊಂದು ಗೆರೆಯೂ ಎಷ್ಟು ಚಂದ! 11 ದಿನದಿಂದ ಅದು ಬ್ಯಾಗಿನಲ್ಲೇ ಶಾಲೆಗೆ ಹೋಗಿ ಮನೆಗೆ ಬರುತ್ತಿತ್ತು. ಸಿಟ್ಟು ನೆತ್ತಿಗೇರಿತು. ಹೊಡೆದೆ. ಅವನು ಅಳಲಿಲ್ಲ. "ಅವ್ವಾ, ದಿನಾ ಕೊಡಬೇಕಂತನ ಹೋಗ್ತೀನಿ. ಅಲ್ಲಿ ಹ್ವಾದ ಮ್ಯಾಲ ಅದು ಬ್ಯಾಗಿನ್ಯಾಗ ಐತಿ ಅನ್ನೂದ ನೆನಪ ಆಗೂದಿಲ್ಲ" ಅಂದ.

ಸುಳ್ಳು ಹೇಳುತ್ತಿದ್ದಾನೆ ಅಂದುಕೊಂಡೆ. ಅವನು ತನ್ನ ಕಷ್ಟವನ್ನು ಯಾವ ಡಾಕ್ಟರೂ ಹೇಳಲಾರದಷ್ಟು ಸರಿಯಾಗಿ ಹೇಳಿದ್ದ. ಅದು ನನಗೆ ಅರ್ಥವಾಗಲು ಇನ್ನೂ ಎಂಟು ತಿಂಗಳು ಬೇಕಾಯಿತು.

ಇದಕ್ಕೆ ಎಡಿಎಚ್‌ಡಿ ಅಂತಾರೆ. ಗಮನ ಕೊರತೆ ಮತ್ತು ಅತಿಚಟುವಟಿಕೆ ಅಂತ ಕನ್ನಡದಲ್ಲಿ ಬರೆಯುತ್ತಾರೆ. ನನಗೆ ಆ ಹೆಸರು ಪೂರ್ತಿ ಒಪ್ಪಿಗೆಯಿಲ್ಲ. ಕೊರತೆ ಅಂದ ಕೂಡಲೇ ಗಮನವೇ ಇಲ್ಲ ಅಂದುಕೊಳ್ಳುತ್ತೇವೆ. ಹಾಗಲ್ಲ. ತಿಕೋಟಾ ಕಡೆ ನನ್ನ ಅಣ್ಣನ ದ್ರಾಕ್ಷಿ ತೋಟ ಇದೆ. ಅಲ್ಲಿ ಪಂಪ್‌ಸೆಟ್ಟಿನ ಸ್ಟಾರ್ಟರ್ ಪದೇ ಪದೇ ಬಿದ್ದುಹೋಗುತ್ತಿತ್ತು. ನನ್ನ ಮಗ ಲೈನ್ ಬಂದ್ ಮಾಡಿಸಿ, ಅದನ್ನು ಬಿಚ್ಚಿಕೊಂಡು ನಾಲ್ಕು ತಾಸು ಕೂತ. ಊಟಕ್ಕೆ ಕರೆದರೆ ಕಿವಿಗೇ ಬೀಳಲಿಲ್ಲ. ಅವರ ಮಾಮಾ ಅಂದ, "ಇಲ್ಲಿ ನಾಕ ತಾಸ ಕೂಡ್ತಾನ, ಪುಸ್ತಕದ ಮುಂದ ನಾಕ ನಿಮಿಷ ಕೂಡಂಗಿಲ್ಲ. ಇದು ಸೊಕ್ಕು ಅಲ್ದ ಮತ್ತೇನವಾ?"

ಇಲ್ಲಿ ಕೂತಿರುವ ಎಷ್ಟೋ ಪಾಲಕರ ಮನಸ್ಸಿನಲ್ಲೂ ಇದೇ ಪ್ರಶ್ನೆ ಇದೆ, ಅಲ್ವಾ? ನಾನು ಆಲಮಟ್ಟಿಯ ಲೆಕ್ಕದಲ್ಲಿ ಹೇಳುತ್ತೇನೆ. ಆಣೆಕಟ್ಟು ತುಂಬಿದರೆ 123 ಟಿಎಂಸಿ ನೀರು. 26 ಗೇಟು. ನೀರಿಗೆ ಬರವಿಲ್ಲ. ಆದರೆ ನಿಮ್ಮ ಹೊಲದ ಪಾಳಿ ಬಂದ ದಿನ, ಪಾಳಿ ಬಂದ ಹೊತ್ತಿಗೆ ಕಾಲುವೆಗೆ ನೀರು ಬಿಡಬೇಕು. ಆ ಕೆಲಸ ತಪ್ಪಿದರೆ ಆಣೆಕಟ್ಟು ತುಂಬಿದ್ದೂ ಒಂದೇ, ಬರಿದಾಗಿದ್ದೂ ಒಂದೇ. ಈ ಮಕ್ಕಳ ಬುದ್ಧಿ ತುಂಬಿದ ಆಣೆಕಟ್ಟು. ಎಲ್ಲಿಗೆ, ಯಾವಾಗ, ಎಷ್ಟು ಬಿಡಬೇಕು ಅಂತ ನೋಡಿಕೊಳ್ಳುವ ಭಾಗ ಹಣೆಯ ಹಿಂದೆ, ಮೆದುಳಿನ ಮುಂಭಾಗದಲ್ಲಿದೆ. ಅಲ್ಲಿ ಕೆಲಸ ಮಾಡುವ ಡೋಪಮಿನ್, ನಾರ್‌ಎಪಿನೆಫ್ರಿನ್ ಎಂಬ ರಾಸಾಯನಿಕಗಳ ನಡೆ ಈ ಮಕ್ಕಳಲ್ಲಿ ಬೇರೆ ಥರ. ಹೊಸದು, ಇಷ್ಟದ್ದು, ಈಗಲೇ ಆಗಬೇಕಾದ್ದು ಇದ್ದರೆ ಗೇಟು ತಾನೇ ತೆರೆಯುತ್ತದೆ. ಬೇಜಾರಿನದು, ನಾಡಿದ್ದಿಗೆ ಬೇಕಾದ್ದು ಇದ್ದರೆ ತೆರೆಯುವುದಿಲ್ಲ. ಹುಡುಗ ಎಷ್ಟೇ ಮನಸ್ಸು ಮಾಡಿದರೂ ತೆರೆಯುವುದಿಲ್ಲ. ಹಾಗಾಗಿ ಪಂಪಿನ ಮುಂದೆ ಕೂತದ್ದು ಸೊಕ್ಕಿಗೆ ಸಾಕ್ಷಿ ಅಲ್ಲ. ಅದೂ ಇದೇ ತೊಂದರೆಯ ಇನ್ನೊಂದು ಮುಖ.

ಇನ್ನೊಂದು ವಿಷಯ ನನ್ನ ಕಣ್ಣು ತೆರೆಸಿತು. 2007ರಲ್ಲಿ ಅಮೆರಿಕದ ಫಿಲಿಪ್ ಶಾ ಮತ್ತು ಸಂಗಡಿಗರು ಮಕ್ಕಳ ಮೆದುಳಿನ ಸ್ಕ್ಯಾನ್‌ಗಳನ್ನು ವರ್ಷಗಟ್ಟಲೆ ನೋಡಿ ಒಂದು ಅಧ್ಯಯನ ಪ್ರಕಟಿಸಿದರು. ಮೆದುಳಿನ ಹೊರಪದರ ಬೆಳೆಯುವ ಒಂದು ಘಟ್ಟವನ್ನು ಬೇರೆ ಮಕ್ಕಳು ಸುಮಾರು ಏಳೂವರೆ ವರ್ಷಕ್ಕೆ ಮುಟ್ಟಿದರೆ, ಎಡಿಎಚ್‌ಡಿ ಇದ್ದವರು ಹತ್ತೂವರೆಗೆ ಮುಟ್ಟಿದ್ದರು. ಬೆಳವಣಿಗೆಯ ದಾರಿ ಅದೇ, ಮೂರು ವರ್ಷ ತಡ. ತನ್ನನ್ನು ತಾನು ನಿಭಾಯಿಸಿಕೊಳ್ಳುವ ವಿಷಯದಲ್ಲಿ ಈ ಮಕ್ಕಳು ವಯಸ್ಸಿಗಿಂತ ಸುಮಾರು ಶೇ 30ರಷ್ಟು ಹಿಂದೆ ಇರುತ್ತಾರೆ ಅಂತ ರಸೆಲ್ ಬಾರ್ಕ್ಲಿ ಎಂಬ ಮನೋವಿಜ್ಞಾನಿಯ ಅಂದಾಜು.

ಆಗ ನಾನು ಲೆಕ್ಕ ಹಾಕಿದೆ. ನನ್ನ ಮಗನಿಗೆ 15 ವರ್ಷ. ಗಣಿತದಲ್ಲಿ ಅವನು 18ರ ಹುಡುಗ, ಪಿಯುಸಿ ಲೆಕ್ಕ ಬಿಡಿಸುತ್ತಾನೆ. ಬ್ಯಾಗು, ಡಬ್ಬಿ, ಗಡಿಯಾರದ ವಿಷಯದಲ್ಲಿ 11ರ ಹುಡುಗ. ಮೂಡಿದ ಮೀಸೆ ಮಾತ್ರ 15ರದ್ದು. ಒಂದೇ ಮೈಯಲ್ಲಿ ಮೂರು ವಯಸ್ಸು! ನಾವು ಅವನ ಗಣಿತ ನೋಡಿ ಬ್ಯಾಗಿನ ಜವಾಬ್ದಾರಿಯನ್ನೂ 18ರವನಿಗೆ ಕೊಟ್ಟ ಹಾಗೆ ಕೊಟ್ಟಿದ್ದೆವು. 11 ವರ್ಷದ ಹುಡುಗ ಬ್ಯಾಗು ಮರೆತರೆ ನಾವು ಹೊಡೆಯುತ್ತೇವಾ? ನಾವೇ ತುಂಬಿ ಕೊಡುತ್ತೇವೆ.

ಜಾಣ ಮಕ್ಕಳಲ್ಲಿ ಇದು ತಡವಾಗಿ ಗೊತ್ತಾಗುವುದಕ್ಕೂ ಇದೇ ಕಾರಣ. ಏಳನೇ ತರಗತಿವರೆಗೆ ಬುದ್ಧಿಯೇ ಎಲ್ಲವನ್ನೂ ಮುಚ್ಚುತ್ತದೆ. ಪರೀಕ್ಷೆಯ ಹಿಂದಿನ ರಾತ್ರಿ ಓದಿ 90 ತೆಗೆಯುತ್ತಾರೆ. ಆಮೇಲೆ ವಿಷಯ ಜಾಸ್ತಿ, ಪ್ರಾಜೆಕ್ಟು, ರೆಕಾರ್ಡು, ಚಟುವಟಿಕೆ. ಹತ್ತನೇ ತರಗತಿಯಲ್ಲಿ ವಿಜ್ಞಾನಕ್ಕೆ 80 ಅಂಕದ ಪರೀಕ್ಷೆ, 20 ಅಂಕ ಆಂತರಿಕ ಮೌಲ್ಯಮಾಪನ. ಆ 20 ಅಂಕ ಬುದ್ಧಿಗೆ ಸಿಗುವುದಿಲ್ಲ. ಹೇಳಿದ ದಿನ, ಹೇಳಿದ ಪುಸ್ತಕ ಕೊಟ್ಟವರಿಗೆ ಸಿಗುತ್ತದೆ.

"ಇದೆಲ್ಲ ಮೊಬೈಲಿನಿಂದ ಬಂದದ್ದು" ಅಂತ ಹೇಳುವವರಿದ್ದಾರೆ. 1798ರಲ್ಲೇ ಸ್ಕಾಟ್ಲೆಂಡಿನ ಅಲೆಕ್ಸಾಂಡರ್ ಕ್ರೈಟನ್ ಎಂಬ ವೈದ್ಯ ಗಮನ ನಿಲ್ಲದ ಮಕ್ಕಳ ಬಗ್ಗೆ ಬರೆದಿದ್ದಾರೆ. 1902ರಲ್ಲಿ ಲಂಡನ್ನಿನಲ್ಲಿ ಜಾರ್ಜ್ ಸ್ಟಿಲ್ ಎಂಬ ಮಕ್ಕಳ ವೈದ್ಯರು ಇಂಥದ್ದೇ ಮಕ್ಕಳ ಬಗ್ಗೆ ಉಪನ್ಯಾಸ ಕೊಟ್ಟಿದ್ದಾರೆ. ಆಗ ಯಾವ ಮೊಬೈಲು? ಮೊಬೈಲು ಈ ಮಕ್ಕಳನ್ನು ಜಾಸ್ತಿ ಎಳೆಯುತ್ತದೆ, ಅದು ನಿಜ. ಹುಟ್ಟಿಸಿದ್ದು ಅದಲ್ಲ.

ಮತ್ತೆ ನಮ್ಮ ಮನೆಗಳಲ್ಲಿ ಸಮಾಧಾನಕ್ಕೆ ಹೇಳುವ ಮಾತೊಂದಿದೆ. "ಅವರಪ್ಪನೂ ಹಿಂಗ ಇದ್ದ, ದೊಡ್ಡಾವಾದ ಮ್ಯಾಲ ಸರಿ ಹ್ವಾದ." ನಮ್ಮ ಅತ್ತೆ ಇದನ್ನೇ ಹೇಳುತ್ತಿದ್ದರು. ದಯವಿಟ್ಟು ಆ ಮಾತನ್ನು ಡಾಕ್ಟರ ಮುಂದೆ ಹೇಳಿ! ಎಡಿಎಚ್‌ಡಿಯಲ್ಲಿ ವಂಶದ ಪಾಲು ಶೇ 70ರಿಂದ 80 ಅಂತ ಅವಳಿ ಮಕ್ಕಳ ಅಧ್ಯಯನಗಳು ತೋರಿಸಿವೆ. ಹೆಚ್ಚುಕಡಿಮೆ ಎತ್ತರ ಬಂದ ಹಾಗೆ ಬರುತ್ತದೆ. ತಾಯಿ ಸರಿಯಾಗಿ ಬೆಳೆಸಲಿಲ್ಲ ಅನ್ನುವ ಮಾತನ್ನು ಇನ್ನಾದರೂ ಬಿಡೋಣ. ಆ ಮಾತು ಕೇಳಿ ಕೇಳಿ ನಾನು ಎಷ್ಟು ರಾತ್ರಿ ನಿದ್ದೆ ಕೆಡಿಸಿಕೊಂಡೆ ಅಂತ ನನಗೇ ಗೊತ್ತು.

ಹುಡುಗಿಯರ ವಿಷಯ ಬೇರೆಯಾಗಿ ಹೇಳಬೇಕು. ಗಂಡು ಮಕ್ಕಳು ಕಿಟಕಿ ಹತ್ತುತ್ತಾರೆ, ಹಾಗಾಗಿ ಕಣ್ಣಿಗೆ ಬೀಳುತ್ತಾರೆ. ಹುಡುಗಿ ಸುಮ್ನೆ ಕಿಟಕಿಯ ಹೊರಗೆ ನೋಡುತ್ತ ಕೂರುತ್ತಾಳೆ. ಗದ್ದಲವಿಲ್ಲ, ದೂರಿಲ್ಲ. ಮನೆಯಲ್ಲಿ ಹಾಲು ಉಕ್ಕಿಸಿದ್ದಕ್ಕೆ, ಒಲೆ ಆರಿಸಲು ಮರೆತದ್ದಕ್ಕೆ ಬೈಸಿಕೊಳ್ಳುತ್ತಾಳೆ. ಬೇರೆಯವರು ಎರಡು ತಾಸು ಓದಿದ್ದನ್ನು ರಾತ್ರಿಯೆಲ್ಲ ಎದ್ದು ಓದಿ ಹತ್ತನೇ ತರಗತಿಯಲ್ಲಿ ಒಳ್ಳೆ ಅಂಕ ತೆಗೆಯುತ್ತಾಳೆ. ಪಿಯುಸಿ ಸೈನ್ಸಿಗೆ ಬಂದು ಒಮ್ಮೆಲೇ ಕುಸಿಯುತ್ತಾಳೆ. ಆಗ ನಾವು "ಸಾಕು ಬಿಡವಾ, ನಿನ್ನ ಕೈಲಿ ಆಗೂದಿಲ್ಲ" ಅಂದು ಗಂಡು ನೋಡಲು ಶುರು ಮಾಡುತ್ತೇವೆ. ನನ್ನ ತರಗತಿಯಲ್ಲೇ ಅಂಥ ಒಬ್ಬಳಿದ್ದಳು. ಈಗ ಅವಳ ನೆನಪಾದಾಗ ನನಗೆ ಸಂಕಟವಾಗುತ್ತದೆ.

ಗುರುತಿಸುವುದು ಹೇಗೆ? ರಕ್ತ ಪರೀಕ್ಷೆಯಲ್ಲಿ ಸಿಗುವುದಿಲ್ಲ, ಸ್ಕ್ಯಾನಿನಲ್ಲೂ ಇಲ್ಲ. ಡಾಕ್ಟರು ಪಾಲಕರನ್ನು, ಶಿಕ್ಷಕರನ್ನು, ಮಗುವನ್ನು ಕೇಳಿಯೇ ತಿಳಿಯಬೇಕು. ಲಕ್ಷಣಗಳು 12 ವರ್ಷದೊಳಗೆ ಶುರುವಾಗಿರಬೇಕು, ಆರು ತಿಂಗಳಾದರೂ ಇರಬೇಕು, ಮನೆ ಮತ್ತು ಶಾಲೆ ಹೀಗೆ ಎರಡು ಕಡೆಯಾದರೂ ಕಾಣಬೇಕು. ಹಾಗಾಗಿ ಹೋಗುವಾಗ ಹಳೆಯ ಪ್ರಗತಿ ಪತ್ರಗಳನ್ನು ಒಯ್ಯಿರಿ. "ಜಾಣ, ಆದರೆ ಮಾತು ಜಾಸ್ತಿ" ಅಂತ ಮೂರನೇ ತರಗತಿಯಲ್ಲಿ ಯಾರೋ ಬರೆದ ಒಂದು ಸಾಲು ಬಹಳ ಕೆಲಸಕ್ಕೆ ಬರುತ್ತದೆ. ನಿದ್ದೆ, ಕಿವಿ, ಕಣ್ಣು, ಥೈರಾಯ್ಡ್, ಮನಸ್ಸಿನ ದುಗುಡ, ಇವುಗಳಿಂದಲೂ ಗಮನ ತಪ್ಪುತ್ತದೆ. ಅದನ್ನೂ ನೋಡಿಸಬೇಕು. ಜಾಣ ಮಕ್ಕಳಲ್ಲಿ ಸುಮ್ನೆ ಬೇಜಾರೂ ಹೀಗೇ ಕಾಣಬಹುದು. ನಾನು ಕಂಡ ವ್ಯತ್ಯಾಸ ಇಷ್ಟು. ಬೇಜಾರಾದ ಹುಡುಗನಿಗೆ ಕಷ್ಟದ ಲೆಕ್ಕ ಕೊಟ್ಟರೆ ಕೂತು ಬಿಡಿಸಿ, ಬರೆದು, ಕೊಟ್ಟು ಹೋಗುತ್ತಾನೆ. ನನ್ನ ಮಗ ಬಿಡಿಸುತ್ತಿದ್ದ. ಬರೆಯುತ್ತಿರಲಿಲ್ಲ. ಬರೆದರೆ ಕೊಡುತ್ತಿರಲಿಲ್ಲ.

ತೋರಿಸಲು ಬೆಂಗಳೂರಿಗೇ ಹೋಗಬೇಕಿಲ್ಲ. ನಮ್ಮ ವಿಜಯಪುರದಲ್ಲೇ ವೈದ್ಯಕೀಯ ಕಾಲೇಜುಗಳಿವೆ, ಮನೋವೈದ್ಯರಿದ್ದಾರೆ. ಧಾರವಾಡದಲ್ಲಿ ಡಿಮ್ಹಾನ್ಸ್ ಎಂಬ ಸರ್ಕಾರಿ ಮಾನಸಿಕ ಆರೋಗ್ಯ ಸಂಸ್ಥೆ ಇದೆ. ಮೊದಲು ಸುಮ್ನೆ ಮಾತಾಡಬೇಕು ಅನ್ನಿಸಿದರೆ 14416ಕ್ಕೆ ಫೋನ್ ಮಾಡಿ. 2022ರಲ್ಲಿ ಶುರುವಾದ ಟೆಲಿ ಮಾನಸ್ ಎಂಬ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಅದು, ಹಣ ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. "ಹುಚ್ಚರ ಡಾಕ್ಟರ ಕಡೆ ಹೋಗ್ಯಾರ" ಅಂತ ಓಣಿಯವರು ಅನ್ನುತ್ತಾರೆ ಎಂಬ ಭಯ ನನಗೂ ಇತ್ತು. ನಮ್ಮ ಅತ್ತೆ ಮೊಮ್ಮಗನಿಗೆ ತಾಯತ ಕಟ್ಟಿಸಿದರು. ನಾನು ಜಗಳ ಮಾಡಲಿಲ್ಲ. ಅವರದೂ ಪ್ರೀತಿಯೇ. ತಾಯತ ಕೈಯಲ್ಲಿ ಇತ್ತು, ನಾವು ಧಾರವಾಡದ ಬಸ್ಸು ಹತ್ತಿದೆವು.

ಗುಳಿಗೆಯ ಬಗ್ಗೆ ಎಲ್ಲರಿಗೂ ಹೆದರಿಕೆ. ಸಾಮಾನ್ಯವಾಗಿ ಕೊಡುವುದು ಮೀಥೈಲ್‌ಫೆನಿಡೇಟ್. 1944ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಮೊದಲು ತಯಾರಾದ ಹಳೆಯ ಔಷಧಿ. ಒಂದು ತಾಸಿನೊಳಗೆ ಕೆಲಸ ಶುರು ಮಾಡುತ್ತದೆ, ಸಾದಾ ಗುಳಿಗೆಯಾದರೆ ಸುಮಾರು ನಾಲ್ಕು ತಾಸು ಇರುತ್ತದೆ. ಇನ್ನೊಂದು ಅಟೊಮಾಕ್ಸಿಟಿನ್, ಅದರ ಪರಿಣಾಮ ಕಾಣಲು ವಾರಗಳು ಬೇಕು. ಮೀಥೈಲ್‌ಫೆನಿಡೇಟ್ ಕಾನೂನಿನ ಹತೋಟಿಯಲ್ಲಿರುವ ಔಷಧಿ, ಡಾಕ್ಟರ ಚೀಟಿ ಇಲ್ಲದೆ ಕೊಡುವಂತಿಲ್ಲ. ಮನೆತನದಲ್ಲಿ ಹೃದಯದ ತೊಂದರೆ ಇದ್ದರೆ ಮೊದಲೇ ಹೇಳಬೇಕು. ಗೆಳೆಯರಿಗೆ ಹಂಚಬಾರದು. ನಾವಾಗಿಯೇ ಹೆಚ್ಚು ಕಡಿಮೆ ಮಾಡಬಾರದು.

ಹಸಿವು ಕಡಿಮೆಯಾಗುತ್ತದೆ, ಇದು ನಿಜ. ಮಧ್ಯಾಹ್ನದ ಡಬ್ಬಿ ತುಂಬಿದ್ದು ತುಂಬಿದ ಹಾಗೇ ಬರುತ್ತಿತ್ತು. ಆಮೇಲೆ ನಾನು ದಾರಿ ಬದಲಿಸಿದೆ. ಬೆಳಿಗ್ಗೆ ಗುಳಿಗೆಗೂ ಮೊದಲು ಎರಡು ರೊಟ್ಟಿ, ಶೇಂಗಾ ಚಟ್ನಿ, ಮೊಸರು. ಸಂಜೆ ಐದಕ್ಕೆ ಔಷಧಿಯ ಜೋರು ಇಳಿದು ಹಸಿವು ಒತ್ತರಿಸಿ ಬರುತ್ತದೆ, ಆಗ ಪೂರ್ತಿ ಊಟ. ತೂಕ, ಎತ್ತರವನ್ನು ಡಾಕ್ಟರು ಪ್ರತಿ ಸಲ ಬರೆದುಕೊಳ್ಳುತ್ತಿದ್ದರು. ಎಲ್ಲ ಮಕ್ಕಳಿಗೂ ಗುಳಿಗೆ ಬೇಕು ಅಂತ ನಾನು ಹೇಳುತ್ತಿಲ್ಲ. ಬೇಕಾದವರಿಗೆ ಹೆದರಿ ತಪ್ಪಿಸಬೇಡಿ ಅಂತ ಮಾತ್ರ ಹೇಳುತ್ತೇನೆ. ಮಳೆಯಾದರೆ ಹೊಲಕ್ಕೆ ಹದ ಬರುತ್ತದೆ. ಹದ ಬಂದ ಮೇಲೆ ಬಿತ್ತುವವರು ನಾವೇ.

ಬಿತ್ತುವುದು ಅಂದರೆ ಏನು? ನಾನು ವರ್ಷಗಟ್ಟಲೆ ಮಾಡಿದ ತಪ್ಪು ಬುದ್ಧಿವಾದ ಹೇಳಿದ್ದು. ಈ ಮಕ್ಕಳಿಗೆ ಏನು ಮಾಡಬೇಕು ಅಂತ ಗೊತ್ತು. ನಮಗಿಂತ ಚೆನ್ನಾಗಿ ಗೊತ್ತು. ಮಾಡಬೇಕಾದ ಗಳಿಗೆಯಲ್ಲಿ ಅದು ಕೈಗೆ ಬರುವುದಿಲ್ಲ. ಹಾಗಾಗಿ ಸಹಾಯವೂ ಆ ಗಳಿಗೆಯಲ್ಲಿ, ಆ ಜಾಗದಲ್ಲೇ ಇರಬೇಕು. ರಾತ್ರಿ ಊಟಕ್ಕೆ ಕೂತಾಗ "ನಾಳೆ ಮರೀಬ್ಯಾಡ" ಅಂದರೆ ಆ ಮಾತು ಅಲ್ಲೇ ಉಳಿಯುತ್ತದೆ.

ರೆಕಾರ್ಡ್ ಪುಸ್ತಕಕ್ಕೆ ಏನು ಮಾಡಿದೆವು ಗೊತ್ತಾ? ವಿಜ್ಞಾನದ ಟೀಚರಿಗೆ ಕೈಮುಗಿದು ಕೇಳಿಕೊಂಡೆ. ಅವರು ತರಗತಿಗೆ ಬಂದ ಕೂಡಲೇ ಅವನ ಡೆಸ್ಕಿನ ಹತ್ತಿರ ನಿಂತು, ಬಾಯಿ ತೆರೆಯದೆ ಕೈ ಚಾಚುತ್ತಿದ್ದರು. ಅಷ್ಟೇ. ಎರಡು ಸೆಕೆಂಡಿನ ಕೆಲಸ. ಅದಾದ ಮೇಲೆ ಒಂದು ರೆಕಾರ್ಡೂ ತಪ್ಪಲಿಲ್ಲ. ಆ ಟೀಚರನ್ನು ನಾನು ಜೀವ ಇರುವವರೆಗೆ ಮರೆಯುವುದಿಲ್ಲ.

ಮನೆಯಲ್ಲಿ ಏನು ಮಾಡಬೇಕು ಅಂತ ಅವನೇ ತೀರ್ಮಾನಿಸಿದ. ಇದು ಮುಖ್ಯ. 15ರ ಹುಡುಗನಿಗೆ ನಾವು ವೇಳಾಪಟ್ಟಿ ಬರೆದು ಗೋಡೆಗೆ ಅಂಟಿಸಿದರೆ ಅದು ಗೋಡೆಗೇ ಉಳಿಯುತ್ತದೆ. ಒಂದು ದಿನ ಅವನೇ ಅಂದ, "ಅವ್ವಾ, ನೀ ನೆನಪ ಮಾಡಬ್ಯಾಡ. ನೀ ಹೇಳಿದ್ರ ನನಗ ಸಿಟ್ಟ ಬರ್ತೈತಿ. ಎಲ್ಲಿ ಮರೀತೀನಿ ಅಲ್ಲೇ ಚೀಟಿ ಅಂಟಸ್ತೀನಿ." ಚಪ್ಪಲಿ ಬಿಡುವ ಜಾಗದಲ್ಲಿ ಚೀಟಿ ಬಂತು. ಬ್ಯಾಗು ರಾತ್ರಿಯೇ ಹೊಸ್ತಿಲ ಒಳಗೆ, ದಾಟದೆ ಹೊರಗೆ ಹೋಗಲು ಆಗದ ಹಾಗೆ. ಮುಳ್ಳಿರುವ ದೊಡ್ಡ ಗಡಿಯಾರ ಟೇಬಲ್ಲಿನ ಎದುರಿಗೆ. ಹೊತ್ತು ಸರಿಯುವುದು ಈ ಮಕ್ಕಳಿಗೆ ಒಳಗೆ ತಿಳಿಯುವುದಿಲ್ಲ, ಕಣ್ಣಿಗೆ ಕಾಣಬೇಕು. ಬೆಳಿಗ್ಗೆ ಸೈಕಲ್. ನಮ್ಮದು ಹೇಗೂ ಸೈಕಲ್ ಪಟುಗಳ ಜಿಲ್ಲೆ. ಮೈ ದಣಿದು ಬಂದ ದಿನ ಮೊದಲ ಎರಡು ಪೀರಿಯಡ್ ಸಲೀಸು ಅಂತ ಅವನೇ ಕಂಡುಕೊಂಡ. ಬೈಕಿನ ಕೀಲಿ ಮಾತ್ರ ಕೊಡಲಿಲ್ಲ. ಲೈಸೆನ್ಸ್ ವಯಸ್ಸಾಗದೆ ಯಾವ ಮಕ್ಕಳಿಗೂ ಕೊಡಬೇಡಿ, ಈ ಮಕ್ಕಳಿಗಂತೂ ಬೇಡವೇ ಬೇಡ. ಇವರಿಗೆ ಅಪಘಾತದ ಅಪಾಯ ಜಾಸ್ತಿ.

ಒಂದು ಉಪಾಯ ತಾನಾಗಿಯೇ ಸಿಕ್ಕಿತು. ಒಂದು ಸಂಜೆ ನಾನು ಅವನ ಕೋಣೆಯಲ್ಲಿ ಜೋಳ ಹಸನು ಮಾಡುತ್ತ ಕೂತಿದ್ದೆ, ಹೊರಗೆ ನೆಂಟರಿದ್ದರು ಅಂತ. ಮೊರದಲ್ಲಿ ಕಲ್ಲು ಹೆಕ್ಕುತ್ತಿದ್ದೆ, ಮಾತಿಲ್ಲ. ಸ್ವಲ್ಪ ಹೊತ್ತಿಗೆ ನೋಡಿದರೆ ಇತಿಹಾಸದ ನೋಟ್ಸು ಬರೆಯುತ್ತಿದ್ದಾನೆ! ಇತಿಹಾಸ! ನಾನು ಉಸಿರು ಬಿಗಿಹಿಡಿದು ಕಲ್ಲು ಹೆಕ್ಕಿದೆ. ಮುಕ್ಕಾಲು ತಾಸು ಬರೆದ. ಮರುದಿನ ಕೇಳಿದ, "ಅವ್ವಾ, ಇವತ್ತ ಜೋಳ ಇಲ್ಲೇನು?" ಪಕ್ಕದಲ್ಲಿ ಒಬ್ಬರು ತಮ್ಮ ಪಾಡಿಗೆ ಕೆಲಸ ಮಾಡುತ್ತಿದ್ದರೆ ಈ ಮಕ್ಕಳಿಗೆ ಕೂರಲು ಆಗುತ್ತದೆ. ಇಣುಕಿ ನೋಡಬಾರದು, ಎಷ್ಟಾಯ್ತು ಅಂತ ಕೇಳಬಾರದು. ಆ ವರ್ಷ ನಮ್ಮ ಮನೆಯಲ್ಲಿ ಹಸನಾಗದ ಕಾಳೇ ಉಳಿಯಲಿಲ್ಲ.

ಶಿಕ್ಷಕರಿಗೆ ಎರಡು ಮಾತು. ಜಾಣ ಹುಡುಗ ಹತ್ತು ಲೆಕ್ಕ ಬೇಗ ಮುಗಿಸಿದರೆ ಅಂಥವೇ ಇನ್ನೂ ಹತ್ತು ಕೊಡಬೇಡಿ. ಅದು ಅವನಿಗೆ ಶಿಕ್ಷೆ. ಕಷ್ಟದ್ದು ಎರಡು ಕೊಡಿ. ಎರಡನೆಯದು, ಅವನ ಇಷ್ಟದ ಕೆಲಸವನ್ನು ಕಿತ್ತುಕೊಂಡು ದಂಡಿಸಬೇಡಿ. ದಿನವೆಲ್ಲ ಬೈಸಿಕೊಳ್ಳುವ ಹುಡುಗನಿಗೆ ತಾನು ಕೆಲಸಕ್ಕೆ ಬರುವವನು ಅಂತ ಅನ್ನಿಸುವುದು ಅದೊಂದೇ ಜಾಗದಲ್ಲಿ. ಹೊಡೆಯುವುದನ್ನು 2009ರ ಶಿಕ್ಷಣ ಹಕ್ಕು ಕಾಯ್ದೆಯೇ ನಿಷೇಧಿಸಿದೆ. ಇನ್ನು, 2016ರ ಅಂಗವಿಕಲರ ಹಕ್ಕು ಕಾಯ್ದೆಯ 21 ಬಗೆಗಳಲ್ಲಿ ಎಡಿಎಚ್‌ಡಿ ಬೇರೆಯಾಗಿ ಇಲ್ಲ, ಕಲಿಕಾ ನ್ಯೂನತೆ ಇದೆ. ಓದು ಬರಹದ ತೊಂದರೆಯೂ ಜೊತೆಗಿದೆ ಅನ್ನಿಸಿದರೆ ಅದನ್ನೂ ಪರೀಕ್ಷೆ ಮಾಡಿಸಿ.

ಜಗತ್ತಿನಾದ್ಯಂತ ನೂರು ಮಕ್ಕಳಲ್ಲಿ ಸುಮಾರು ಐವರಿಗೆ ಇದು ಇರುತ್ತದೆ ಅಂತ ಅಂದಾಜು. ನನ್ನ ತರಗತಿಯಲ್ಲಿ 60 ಮಕ್ಕಳು. ಅಂದರೆ ವರ್ಷಕ್ಕೆ ಮೂವರು. 22 ವರ್ಷಕ್ಕೆ 66 ಮಕ್ಕಳು. ಅವರಲ್ಲಿ ಎಷ್ಟೋ ಮಕ್ಕಳ ಪಾಲಕರ ಮುಂದೆ ನಾನು "ಮನಸ್ಸು ಮಾಡೂದಿಲ್ಲ" ಅಂದಿರಬೇಕು. ಇವತ್ತು ಇಲ್ಲಿಗೆ ಬಂದು ಮಾತಾಡಲು ಒಪ್ಪಿದ್ದು ಈ ಲೆಕ್ಕದಿಂದ.

ಮಾತು ಮುಗಿದ ಮೇಲೆ ಹಿಂದಿನ ಸಾಲಿನಿಂದ ಒಬ್ಬ ಯಜಮಾನರು ಎದ್ದು ಕೇಳಿದರು, "ಅಕ್ಕೋರ, ದೊಡ್ಡಾವ ಆದ ಮ್ಯಾಲ ಇದು ಹೊಕ್ಕೈತೇನ್ರೀ?" ಅವರಿಗೆ ಹೇಳಿದ್ದನ್ನೂ ಇಲ್ಲಿ ಸೇರಿಸುತ್ತೇನೆ. ಕೆಲವರಲ್ಲಿ ಕಡಿಮೆಯಾಗುತ್ತದೆ. ಓಡಾಟ, ಚಡಪಡಿಕೆ ಇಳಿಯುತ್ತದೆ. ಮರೆವು, ಹೊತ್ತು ತಪ್ಪುವುದು ಬಹಳ ಜನರಲ್ಲಿ ಉಳಿಯುತ್ತದೆ. ನನ್ನ ಮಗ ಈಗ ಬೆಳಗಾವಿಯಲ್ಲಿ ಎಂಜಿನಿಯರಿಂಗ್ ಎರಡನೇ ವರ್ಷ. ಈಗಲೂ ಛತ್ರಿ ಕಳೆಯುತ್ತಾನೆ. ಬೆಳಗಾವಿಯ ಮಳೆಯಲ್ಲಿ ಈ ಸಲ ಮೂರನೇ ಛತ್ರಿ.

ಹೋದ ವಾರ ಫೋನ್ ಮಾಡಿದ. "ಅವ್ವಾ, ನಾಳೆ ರಾತ್ರಿ ಎಂಟಕ್ಕ ಫೋನ್ ಹಚ್ಚತೀನಿ. ಲ್ಯಾಬ್ ರೆಕಾರ್ಡ್ ಬರಿಯೂದೈತಿ. ನೀ ಏನೂ ಮಾತಾಡಬ್ಯಾಡ, ಸುಮ್ನ ಫೋನಿನ್ಯಾಗ ಇರು." ಎಂಟಕ್ಕೆ ಸರಿಯಾಗಿ ಹಚ್ಚಿದ. ನಾನು ಫೋನನ್ನು ಗೋಡೆಗೆ ಒರಗಿಸಿ ಮೊರ ತೆಗೆದುಕೊಂಡು ಕೂತೆ. ಆ ಕಡೆಯಿಂದ ಹಾಳೆ ತಿರುವುವ ಸಪ್ಪಳ, ಸ್ಕೇಲು ಇಡುವ ಸಪ್ಪಳ. ಹತ್ತೂ ಹತ್ತಕ್ಕೆ "ಆತವಾ, ಬ್ಯಾಗಿನ್ಯಾಗ ಇಟ್ಟೆ" ಅಂದು ಫೋನ್ ಇಟ್ಟ.